ಲೂಥರ್ ಬರ್ಬ್ಯಾಂಕ್ (1849-1926): ಶಾಸ್ತಾ ಡೈಸಿ ಹೂವಿನ ತಳಿಕಾರ

ಹೊಸ ಹೂವಿನ ತಳಿಯನ್ನು ಅಭಿವೃದ್ಧಿಪಡಿಸುವುದು ಒಂದು ಕಾರ್ಯ. ಅದರ ಗುಣಲಕ್ಷಣಗಳನ್ನು ಕ್ರಮಬದ್ಧವಾಗಿ ದಾಖಲಿಸುವುದು ಮತ್ತೊಂದು ಕಾರ್ಯ. ಮೊದಲನೆಯದರಲ್ಲಿ ಜಗತ್ಪ್ರಸಿದ್ಧರಾಗಿ, ಎರಡನೆಯದರ ಕೊರತೆಯಿಂದ ನಷ್ಟವನ್ನೂ ಟೀಕೆಯನ್ನೂ ಎದುರಿಸಿದವರು ಅಮೆರಿಕದ ಸಸ್ಯ ತಳಿಕಾರ ಲೂಥರ್ ಬರ್ಬ್ಯಾಂಕ್. ಹೊಸ ತಳಿಯ ನೋಂದಣಿಗೆ ಅರ್ಜಿ ಸಲ್ಲಿಸಲಿಚ್ಛಿಸುವ ರೈತರು ಹಾಗೂ ಪುಷ್ಪ ಕೃಷಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಬರ್ಬ್ಯಾಂಕ್ ಅವರು 1849ರ ಮಾರ್ಚ್ 7ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದರು. ವಿಶ್ವವಿದ್ಯಾಲಯದ ಶಿಕ್ಷಣ ಪಡೆಯದ ಅವರಿಗೆ, ಸಾಕು ಪ್ರಾಣಿ ಮತ್ತು ಬೆಳೆಗಳಲ್ಲಿನ ವ್ಯತ್ಯಾಸಗಳನ್ನು ಕುರಿತ ಚಾರ್ಲ್ಸ್ ಡಾರ್ವಿನ್ನರ ಗ್ರಂಥವು ದಾರಿ ತೋರಿಸಿತು. ತಂದೆಯ ಮರಣಾನಂತರ ತಮ್ಮ ಪಾಲಿಗೆ ಬಂದ ಹಣದಿಂದ ಲೂನೆನ್‌ಬರ್ಗ್ ಬಳಿ 17 ಎಕರೆ ಭೂಮಿಯನ್ನು ಖರೀದಿಸಿ ತರಕಾರಿ ಬೆಳೆಯತೊಡಗಿದರು.

1872ರಲ್ಲಿ ಅವರ ಹೊಲದ ಅರ್ಲಿ ರೋಸ್ ಆಲೂಗೆಡ್ಡೆ ಗಿಡವೊಂದರಲ್ಲಿ, ಸಾಮಾನ್ಯವಾಗಿ ಕಾಣದೊರೆಯದ ಬೀಜದ ಕಾಯಿಯೊಂದು ಬಿಟ್ಟಿತು. ಅದರೊಳಗಿನ 23 ಬೀಜಗಳನ್ನು ಬಿತ್ತಿ ಬೆಳೆಸಿದ ಗಿಡಗಳಲ್ಲಿ ಅತ್ಯುತ್ತಮವಾದುದನ್ನು ಆಯ್ಕೆ ಮಾಡಿದರು. ಅದೇ ಬರ್ಬ್ಯಾಂಕ್ ಆಲೂಗೆಡ್ಡೆ. ಇದರ ಹಕ್ಕನ್ನು ಬೀಜ ವ್ಯಾಪಾರಿಯೊಬ್ಬರಿಗೆ ಕೇವಲ 150 ಡಾಲರಿಗೆ ಮಾರಾಟ ಮಾಡಿ, 1875ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ರೋಸಾ ಪಟ್ಟಣಕ್ಕೆ ತೆರಳಿದರು. ಇದೇ ತಳಿಯಿಂದ ಮುಂದೆ ಹೊರಹೊಮ್ಮಿದ ರಸೆಟ್ ಬರ್ಬ್ಯಾಂಕ್ ಅಮೆರಿಕದ ಪ್ರಮುಖ ಆಲೂಗೆಡ್ಡೆ ತಳಿಯಾಯಿತು. ಆದರೆ 150 ಡಾಲರಿನ ಹೊರತು ಅದರ ಲಾಭದಲ್ಲಿ ತಳಿಕಾರರಿಗೆ ಪಾಲು ದೊರೆಯಲಿಲ್ಲ.

ಶಾಸ್ತಾ ಡೈಸಿ: 17 ವರ್ಷಗಳ ಪರಿಶ್ರಮ

ಬಾಲ್ಯದಿಂದಲೂ ಕಂಡಿದ್ದ ಆಕ್ಸ್-ಐ ಡೈಸಿ ಎಂಬ ಕಾಡುಹೂವು ಬರ್ಬ್ಯಾಂಕ್ ಅವರಿಗೆ ಪ್ರಿಯವಾಗಿತ್ತು. ರೈತರು ಅದನ್ನು ಕಳೆಯೆಂದು ಕಿತ್ತೆಸೆಯುತ್ತಿದ್ದರು. ದೊಡ್ಡ ಗಾತ್ರ, ಅಚ್ಚ ಬಿಳುಪು, ಗಟ್ಟಿಯಾದ ಕಾಂಡ ಹಾಗೂ ಹೆಚ್ಚು ದಿನ ಬಾಡದ ಗುಣ ಇವೆಲ್ಲವೂ ಒಂದೇ ಹೂವಿನಲ್ಲಿ ಸೇರಬೇಕೆಂಬ ಗುರಿಯೊಂದಿಗೆ 1884ರಲ್ಲಿ ಅವರು ಪ್ರಯೋಗ ಆರಂಭಿಸಿದರು.

ಮೊದಲಿಗೆ ಇದನ್ನು ಯುರೋಪಿನ ಡೈಸಿಗಳೊಂದಿಗೆ ಸಂಕರಿಸಲಾಯಿತು. ಬಂದ ಗಿಡಗಳಲ್ಲಿ ಉತ್ತಮವಾದವುಗಳ ಬೀಜವನ್ನು ಮಾತ್ರ ಉಳಿಸಿಕೊಂಡು ವರ್ಷದಿಂದ ವರ್ಷಕ್ಕೆ ಆಯ್ಕೆ ಮುಂದುವರಿಸಲಾಯಿತು. ಆದರೂ ಬಯಸಿದ ಬಿಳುಪು ದೊರೆಯದ ಕಾರಣ, ಜಪಾನಿನ ಡೈಸಿಯ ಪರಾಗವನ್ನು ಬಳಸಿದುದಾಗಿ ಅವರು ವಿವರಿಸಿದ್ದಾರೆ. ಆಯ್ಕೆಯಾಗದ ಗಿಡಗಳನ್ನು ರಾಶಿ ಹಾಕಿ ಸುಡುವುದು ಅವರ ಪದ್ಧತಿಯಾಗಿತ್ತು.

1901ರಲ್ಲಿ ಈ ತಳಿಯನ್ನು ಬಿಡುಗಡೆ ಮಾಡಿ, ಉತ್ತರ ಕ್ಯಾಲಿಫೋರ್ನಿಯಾದ ಹಿಮಾಚ್ಛಾದಿತ ಶಾಸ್ತಾ ಪರ್ವತದ ಹೆಸರನ್ನಿಡಲಾಯಿತು. ಆ ಕಾಲದಲ್ಲಿ ಇದನ್ನು ಸೇವಂತಿಗೆಯ ಕುಲವಾದ ಕ್ರೈಸಾಂತಿಮಮ್‌ಗೆ ಸೇರಿಸಲಾಗಿತ್ತು. ನಂತರ ಸಸ್ಯಶಾಸ್ತ್ರಜ್ಞರು ಇದನ್ನು ಲ್ಯೂಕ್ಯಾಂತಿಮಮ್ ಕುಲಕ್ಕೆ ವರ್ಗಾಯಿಸಿದರು. ಸೇವಂತಿಗೆಯಂತೆಯೇ ಇದರ ಬುಡವನ್ನು ಬಿಡಿಸಿ ನೆಟ್ಟಲ್ಲಿ ತಾಯಿಗಿಡದ ಗುಣಗಳು ಹಾಗೆಯೇ ಉಳಿಯುತ್ತವೆ; ಬೀಜದಿಂದ ಬೆಳೆಸಿದಲ್ಲಿ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಕಂಡುಬರುತ್ತದೆ.

ದಾಖಲೆಗಳ ಕೊರತೆ

ಬರ್ಬ್ಯಾಂಕ್ ಅವರು ತಮ್ಮ ಜೀವಿತಾವಧಿಯಲ್ಲಿ 800ಕ್ಕೂ ಹೆಚ್ಚು ತಳಿಗಳನ್ನು ಹೊರತಂದರು. ಅವರ ಹೆಸರು ಮನೆಮಾತಾಯಿತು. 1905ರಲ್ಲಿ ಕಾರ್ನೆಗಿ ಸಂಸ್ಥೆಯು ಅವರ ಕಾರ್ಯಕ್ಕೆ ವಾರ್ಷಿಕ 10,000 ಡಾಲರ್ ಅನುದಾನ ಮಂಜೂರು ಮಾಡಿತು. ಅವರ ವಿಧಾನಗಳನ್ನು ಬರೆದಿಡಲು ಸಸ್ಯ ವಿಜ್ಞಾನಿ ಜಾರ್ಜ್ ಶಲ್ ಅವರನ್ನು ನಿಯೋಜಿಸಲಾಯಿತು. ಆದರೆ ಬರ್ಬ್ಯಾಂಕ್ ಅವರು ಬಹುಪಾಲು ತಮ್ಮ ಕಣ್ಣು ಮತ್ತು ನೆನಪನ್ನೇ ನಂಬಿ ದುಡಿಯುತ್ತಿದ್ದರು. ಯಾವ ಗಿಡವನ್ನು ಯಾವುದರೊಂದಿಗೆ ಯಾವಾಗ ಸಂಕರಿಸಲಾಯಿತು ಎಂಬುದಕ್ಕೆ ಇತರರು ಪರಿಶೀಲಿಸಬಹುದಾದ ಸಮರ್ಪಕ ದಾಖಲೆಗಳಿರಲಿಲ್ಲ. ಕೆಲವು ವರ್ಷಗಳ ನಂತರ ಅನುದಾನ ನಿಂತುಹೋಯಿತು. ಶಲ್ ಅವರ ಪೂರ್ಣ ವರದಿ ಪ್ರಕಟವಾಗಲಿಲ್ಲ.

ತಳಿಕಾರರಿಗೆ ಕಾನೂನಿನ ರಕ್ಷಣೆಯೂ ಆಗ ಇರಲಿಲ್ಲ. ಒಮ್ಮೆ ಮಾರಿದ ಗಿಡವನ್ನು ಯಾರು ಬೇಕಾದರೂ ವೃದ್ಧಿಪಡಿಸಿ ಮಾರಬಹುದಾಗಿತ್ತು.

ನಿಧನ ಮತ್ತು ಮರಣಾನಂತರದ ಮನ್ನಣೆ

ಬರ್ಬ್ಯಾಂಕ್ ಅವರು 1926ರ ಏಪ್ರಿಲ್ 11ರಂದು ಸಾಂತಾ ರೋಸಾದಲ್ಲಿ ನಿಧನರಾದರು. ಅವರ ಸ್ವಗೃಹದ ಆವರಣದಲ್ಲಿಯೇ, ಅವರು ಬೆಳೆಸಿದ್ದ ದೇವದಾರು ಜಾತಿಯ ಮರದ ಬುಡದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ನಾಲ್ಕು ವರ್ಷಗಳ ನಂತರ, 1930ರಲ್ಲಿ, ಅಮೆರಿಕದಲ್ಲಿ ಸಸ್ಯ ಪೇಟೆಂಟ್ ಕಾಯಿದೆ ಜಾರಿಗೆ ಬಂದಿತು. ಬರ್ಬ್ಯಾಂಕ್ ಅವರ ಅನುಭವವು ಈ ಕಾಯಿದೆಯ ಪರವಾದ ವಾದಕ್ಕೆ ಬಲ ನೀಡಿತು. ಇದರನ್ವಯ ಅವರ ಹೆಸರಿನಲ್ಲಿ ಮರಣಾನಂತರ 16 ಪೇಟೆಂಟ್‌ಗಳು ದೊರೆತವು. ಆದರೆ ಗೆಡ್ಡೆಯಿಂದ ವೃದ್ಧಿಯಾಗುವ ಆಲೂಗೆಡ್ಡೆಯಂತಹ ಬೆಳೆಗಳನ್ನು ಕಾಯಿದೆಯ ವ್ಯಾಪ್ತಿಯಿಂದ ಹೊರಗಿಡಲಾಗಿತ್ತು. ಅವರಿಗೆ ಮೊದಲ ಕೀರ್ತಿ ತಂದ ತಳಿಗೆ ಆ ಕಾಯಿದೆಯೂ ರಕ್ಷಣೆ ನೀಡುವಂತಿರಲಿಲ್ಲ.

ಅರ್ಜಿದಾರರ ಗಮನಕ್ಕೆ

ಭಾರತದಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001 ಜಾರಿಯಲ್ಲಿದ್ದು, ಅದರನ್ವಯ ರೈತರೂ ತಳಿ ನೋಂದಣಿಗೆ ಅರ್ಜಿ ಸಲ್ಲಿಸಬಹುದಾಗಿದೆ. ಹೊಸ ತಳಿಯು ನವೀನತೆ, ಭಿನ್ನತೆ, ಏಕರೂಪತೆ ಹಾಗೂ ಸ್ಥಿರತೆ ಹೊಂದಿರತಕ್ಕದ್ದು. ತಳಿಯ ವಿವರಣೆಯು ಅರ್ಜಿಯ ಅವಿಭಾಜ್ಯ ಅಂಗವಾಗಿರುತ್ತದೆ.

ಆದುದರಿಂದ ಕುಂಡದ ಸೇವಂತಿಗೆಯಲ್ಲಿ ಹೊಸ ತಳಿ ಪಡೆಯಲು ಪ್ರಯತ್ನಿಸುವವರು ಮೊದಲ ದಿನದಿಂದಲೇ ಈ ಕೆಳಕಂಡ ವಿವರಗಳನ್ನು ಬರೆದಿಟ್ಟುಕೊಳ್ಳುವುದು ಸೂಕ್ತ:

• ತಾಯಿ ಮತ್ತು ತಂದೆ ಗಿಡಗಳ ಹೆಸರು, ಸಂಕರಣದ ದಿನಾಂಕ
• ಗಿಡದ ಎತ್ತರ, ಕವಲುಗಳ ಸಂಖ್ಯೆ, ಎಲೆಯ ಆಕಾರ
• ಹೂವಿನ ವ್ಯಾಸ, ಎಸಳುಗಳ ಜೋಡಣೆ, ಪ್ರಮಾಣಿತ ಪಟ್ಟಿಯೊಂದಿಗೆ ಹೋಲಿಸಿದ ಬಣ್ಣ
• ಮೊದಲ ಹೂ ಅರಳಿದ ದಿನ, ಹೂವು ಬಾಡದೆ ಉಳಿದ ದಿನಗಳು
• ಅದೇ ವಾತಾವರಣದಲ್ಲಿ ಬೆಳೆದ, ಅತ್ಯಂತ ಹೋಲಿಕೆಯುಳ್ಳ ತಳಿಗೂ ಇದಕ್ಕೂ ಇರುವ ವ್ಯತ್ಯಾಸ

ಬರ್ಬ್ಯಾಂಕ್ ಅವರ ಹೂವು ಇಂದಿಗೂ ಲೋಕದ ತೋಟಗಳಲ್ಲಿ ಅರಳುತ್ತಿದೆ. ಅವರ ನೆನಪಿನಲ್ಲಿದ್ದ ವಿವರಗಳು ಮಾತ್ರ ಅವರೊಂದಿಗೇ ಹೋದವು.