ಇನ್ನೊಬ್ಬ ಕುಡುಕನ ಹುಡುಕಾಟ

ಬಿಲ್ ವಿಲ್ಸನ್ (1895–1971) ಅವರ ಬದುಕಿನಲ್ಲಿ ನನ್ನನ್ನು ಬಹುವಾಗಿ ಕಾಡುವುದು 1935ರ ಮೇ ತಿಂಗಳ ಒಂದು ಶನಿವಾರ. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಗಳಿಸಿದ್ದನ್ನೆಲ್ಲ ಕುಡಿತಕ್ಕೆ ಕಳೆದುಕೊಂಡಿದ್ದ ಅವರು ಮದ್ಯ ಬಿಟ್ಟು ಐದೇ ತಿಂಗಳಾಗಿತ್ತು. ಆ ಅವಧಿಯಲ್ಲಿ ಅನೇಕ ಕುಡುಕರ ಬೆನ್ನು ಹತ್ತಿದ್ದರು. ಅವರಲ್ಲಿ ಯಾರೂ ಕುಡಿತ ಬಿಡಲಿಲ್ಲ. ಆದರೆ ಬಿಲ್ ಮಾತ್ರ ಕುಡಿಯದೇ ಉಳಿದಿದ್ದರು!

ವ್ಯವಹಾರ ಕೈಕೊಟ್ಟು, ಓಹಿಯೋದ ಆಕ್ರನ್ ನಗರದ ಹೋಟೆಲೊಂದರ ಪಡಸಾಲೆಯಲ್ಲಿ ಅಂದು ಅವರು ಒಂಟಿಯಾಗಿ ನಿಂತಿದ್ದರು. ಒಂದೆಡೆ ಬಾರು, ಇನ್ನೊಂದೆಡೆ ದೂರವಾಣಿ, ಊರಿನ ಚರ್ಚುಗಳ ಪಟ್ಟಿ. ಪಾದ್ರಿಯೊಬ್ಬರಿಗೆ ಕರೆ ಮಾಡಿ, ಮಾತನಾಡಲು ತನಗೊಬ್ಬ ಕುಡುಕ ಬೇಕೆಂದು ಕೇಳಿದರು. ಹಲವು ಕರೆಗಳ ಬಳಿಕ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆ ನೆರವಾದರು. ಮರುದಿನ ಅವರಲ್ಲಿಗೆ ಬಂದ ಶಸ್ತ್ರವೈದ್ಯ ಬಾಬ್ ಸ್ಮಿತ್ ಹದಿನೈದೇ ನಿಮಿಷವೆಂದು ಷರತ್ತು ಹಾಕಿದ್ದರು. ಎದ್ದದ್ದು ಗಂಟೆಗಳ ನಂತರ. ಬಿಲ್ ಬೋಧನೆ ಬಿಟ್ಟು ತಮ್ಮ ಕಥೆ ಹೇಳಿಕೊಂಡಿದ್ದರು. ಸ್ಮಿತ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಜನ್ಮದಿನವೆನ್ನುತ್ತದೆ.

ಬಿಲ್ ಸಂತರೇನಲ್ಲ, ಧೂಮಪಾನ ಅವರ ಶ್ವಾಸಕೋಶವನ್ನು ತಿಂದುಹಾಕಿತು. ಆದರೂ ಅನಾಮಿಕತೆಯ ನಿಯಮಕ್ಕಾಗಿ 1954ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗೌರವ ಪದವಿಯನ್ನೇ ಒಲ್ಲೆನೆಂದರು. ಬೆಂಗಳೂರಿನಲ್ಲೂ ಇಂದು ಆ ಕೂಟಗಳು ಸೇರುತ್ತವೆ. ಶುಲ್ಕವಿಲ್ಲ, ಕುಡಿತ ಬಿಡುವ ಬಯಕೆಯಿದ್ದರೆ ಒಳಗೆ ಹೋಗಿ ಕೂರಬಹುದು.