ಸಾವಿನ ಹಾಸಿಗೆಯ ಬಳಿ ನಿಂತ ವೈದ್ಯೆ: ಸಿಸಿಲಿ ಸಾಂಡರ್ಸ್

ಇನ್ನು ಮಾಡುವಂಥದ್ದು ಏನೂ ಇಲ್ಲ ಎಂಬ ಮಾತನ್ನು ಆಸ್ಪತ್ರೆಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಈ ಮಾತನ್ನು ಒಪ್ಪದೆ, ಮಾಡಲು ಇನ್ನೂ ಬಹಳವಿದೆ ಎಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್.

1918ರ ಜೂನ್ 22ರಂದು ಜನಿಸಿದ ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡ್ ವಿದ್ಯಾಭ್ಯಾಸವನ್ನು ಅರ್ಧಕ್ಕೆ ಬಿಟ್ಟು ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೇರಿದರು. ಬೆನ್ನುನೋವಿನಿಂದಾಗಿ ಆ ಕೆಲಸ ಬಿಡಬೇಕಾಯಿತು. ಮುಂದೆ ಆಸ್ಪತ್ರೆಯ ಸಮಾಜ ಸೇವಕಿಯಾದರು. ಅಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದಿ ನಿರಾಶ್ರಿತನ ಪರಿಚಯವಾಯಿತು. ಕ್ಯಾನ್ಸರ್ ಪೀಡಿತನಾಗಿದ್ದ ಆತ 1948ರಲ್ಲಿ ತೀರಿಕೊಂಡಾಗ, ಸಿಸಿಲಿ ಮುಂದೊಂದು ದಿನ ಕಟ್ಟಲಿದ್ದ ಮನೆಗೆ ಒಂದು ಕಿಟಕಿಯಾಗಲೆಂದು 500 ಪೌಂಡ್ ಬಿಟ್ಟುಹೋದ.

ಸಾಯುವವರನ್ನು ಕೈಬಿಡುವವರು ವೈದ್ಯರೇ, ಆದುದರಿಂದ ನೀನೇ ವೈದ್ಯೆಯಾಗು ಎಂದು ಒಬ್ಬ ಹಿರಿಯ ಶಸ್ತ್ರಚಿಕಿತ್ಸಕರು ಸಲಹೆಯಿತ್ತರು. ಮೂವತ್ತು ದಾಟಿದ ವಯಸ್ಸಿನಲ್ಲಿ ವೈದ್ಯಕೀಯ ಓದಿದ ಸಿಸಿಲಿ 1957ರಲ್ಲಿ ಪದವಿ ಪಡೆದರು.

1958ರಿಂದ ಅವರ ಕಾರ್ಯಕ್ಷೇತ್ರ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಸಂತ ಜೋಸೆಫ್ ಹಾಸ್ಪೈಸ್. ಐರ್ಲೆಂಡ್ ಮೂಲದ ಕಥೋಲಿಕ ಧರ್ಮಭಗಿನಿಯರು 1905ರಲ್ಲಿ ಆರಂಭಿಸಿದ ಮನೆಯದು. ಭಗಿನಿಯರಲ್ಲಿ ಪ್ರೀತಿಯಿತ್ತು, ಆಂಗ್ಲಿಕನ್ ಸಭೆಯ ಸಿಸಿಲಿ ಅದಕ್ಕೆ ವಿಜ್ಞಾನವನ್ನು ಸೇರಿಸಿದರು. ಆ ಕಾಲದಲ್ಲಿ ರೋಗಿ ನೋವಿನಿಂದ ಚೀರಿದ ಮೇಲಷ್ಟೇ ಮಾರ್ಫಿನ್ ಕೊಡುವುದು ರೂಢಿಯಾಗಿತ್ತು. ಚಟ ಹಿಡಿಯುವುದೆಂಬ ಭಯ ವೈದ್ಯರಿಗೆ. ಸಿಸಿಲಿ ನೋವು ಮರಳುವ ಮೊದಲೇ, ಗಂಟೆ ನೋಡಿ, ಬಾಯಿಯ ಮೂಲಕ ಕೊಡಿಸಿದರು. ರೋಗಿಗಳು ಮಂಪರಿಗೆ ಬೀಳಲಿಲ್ಲ, ಮನೆಯವರೊಡನೆ ಮಾತನಾಡತೊಡಗಿದರು.

ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನ ಭಯ, ಕುಟುಂಬದ ಚಿಂತೆ, ಆತ್ಮದ ಕಳವಳ ಎಲ್ಲವೂ ಸೇರಿದ ಸಮಗ್ರ ನೋವು ಎಂಬುದು ಅವರ ಬೋಧನೆ. 1967ರಲ್ಲಿ ಲಂಡನ್ನಿನಲ್ಲೇ ಅವರು ಸಂತ ಕ್ರಿಸ್ಟೋಫರ್ ಹಾಸ್ಪೈಸ್ ತೆರೆದರು. ಆರೈಕೆ, ತರಬೇತಿ, ಸಂಶೋಧನೆ ಮೂರೂ ಒಂದೇ ಸೂರಿನಡಿ ನಡೆದವು. 1969ರಿಂದ ರೋಗಿಗಳ ಮನೆಗೂ ಸೇವೆ ತಲುಪಿತು. ಸಾವನ್ನು ತಮ್ಮ ಸೋಲೆಂದು ತಿಳಿದು ಮುಖ ತಿರುಗಿಸುತ್ತಿದ್ದ ವೈದ್ಯರು, ದಾದಿಯರು ಇಲ್ಲಿಗೆ ಬಂದು ಸಾಯುವವರ ಪಕ್ಕ ಕುಳಿತುಕೊಳ್ಳುವುದನ್ನು ಕಲಿತರು. ಸಾವನ್ನು ಬೇಗ ತರಿಸುವ ದಯಾಮರಣವನ್ನು ಅವರು ಕೊನೆಯವರೆಗೂ ವಿರೋಧಿಸಿದರು. ಅವರು ಹಚ್ಚಿದ ಈ ದೀಪ ದೇಶದೇಶಗಳಿಗೆ ಹರಡಿತು. ಭಾರತದ ಮೊದಲ ಹಾಸ್ಪೈಸ್ ಶಾಂತಿ ಆವೇದನಾ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಆರಂಭವಾಯಿತು.

ಸಿಸಿಲಿಯವರನ್ನೂ ಕ್ಯಾನ್ಸರ್ ಬಿಡಲಿಲ್ಲ. 2005ರ ಜುಲೈ 14ರಂದು, ತಾವೇ ಕಟ್ಟಿದ ಸಂತ ಕ್ರಿಸ್ಟೋಫರ್ ಮನೆಯಲ್ಲಿ ಅವರು ಕೊನೆಯುಸಿರೆಳೆದರು.

ಆತ್ಮೀಯರೇ, ನಮ್ಮ ವಾಳೆಗಳಲ್ಲಿಯೂ ಹಾಸಿಗೆ ಹಿಡಿದವರಿದ್ದಾರೆ. ಏನು ಹೇಳಲಿ ಎಂದು ತೋಚದೆ ನಾವು ಅವರ ಮನೆಯ ದಾರಿ ತಪ್ಪಿಸುವುದುಂಟು. ಮಾತು ಬೇಕಿಲ್ಲ. ಹೋಗಿ ಹತ್ತಿರ ಕುಳಿತುಕೊಳ್ಳೋಣ. ನೋವಿದ್ದರೆ ವೈದ್ಯರಿಗೆ ತಿಳಿಸೋಣ.