ಪಾನನಿಷೇಧ ತಂದ ರಾಜಾಜಿ

ಹೊಸೂರಿನ ಸಮೀಪದಲ್ಲಿ ತೊರಪಳ್ಳಿ ಎಂಬ ಚಿಕ್ಕ ಗ್ರಾಮವಿದೆ. ಈಗ ಅದು ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. ಹಿಂದೆ ಸೇಲಂ ಜಿಲ್ಲೆಯಲ್ಲಿತ್ತು. ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ನೆಯ ಇಸವಿ ಡಿಸೆಂಬರ್ 10ರಂದು ಇಲ್ಲಿ ಜನಿಸಿದರು. ಜನರು ಅವರನ್ನು ಪ್ರೀತಿಯಿಂದ ರಾಜಾಜಿ ಎಂದು ಕರೆದರು. ಅವರು ಹೊಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿದರು. ಮದ್ರಾಸಿನಲ್ಲಿ ಕಾನೂನು ಕಲಿತು ಸೇಲಂನಲ್ಲಿ ವಕೀಲರಾದರು.

ಗಾಂಧೀಜಿಯವರ ಕರೆಗೆ ಓಗೊಟ್ಟು ರಾಜಾಜಿ ವಕೀಲಿ ವೃತ್ತಿಯನ್ನು ಬಿಟ್ಟರು. 1925ರಲ್ಲಿ ತಿರುಚ್ಚೆಂಗೋಡಿನ ಬಳಿ ಗಾಂಧಿ ಆಶ್ರಮವನ್ನು ಸ್ಥಾಪಿಸಿದರು. ಬಡವರ ಕೂಲಿಯ ಹಣ ಹೆಂಡದಂಗಡಿಯ ಪಾಲಾಗುವುದು ಅವರನ್ನು ಬಹಳವಾಗಿ ನೋಯಿಸಿತು. ಕುಡಿತದ ಕೇಡನ್ನು ತಿಳಿಸಲು 'ವಿಮೋಚನಂ' ಎಂಬ ತಮಿಳು ಪತ್ರಿಕೆಯನ್ನು ನಡೆಸಿದರು.

1937ರಲ್ಲಿ ರಾಜಾಜಿ ಮದ್ರಾಸ್ ಪ್ರಾಂತ್ಯದ ಸರಕಾರದ ಮುಖ್ಯಸ್ಥರಾದರು. ಅದೇ ವರ್ಷ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೆ ಬಂದಿತು. ಧರ್ಮಪುರಿ, ಕಂಬೈನಲ್ಲೂರು ಮೊದಲಾದ ಊರುಗಳು ಆಗ ಸೇಲಂ ಜಿಲ್ಲೆಯಲ್ಲಿಯೇ ಇದ್ದವು. ಅಲ್ಲೆಲ್ಲ ಹೆಂಡ, ಸಾರಾಯಿ ಅಂಗಡಿಗಳು ಮುಚ್ಚಿದವು. ಕುಡಿಯುವುದು, ಮಾರುವುದು ಅಪರಾಧವಾಯಿತು.

ಮಕ್ಕಳೇ, ಇಲ್ಲಿ ಒಂದು ದೊಡ್ಡ ಪ್ರಶ್ನೆ ಏಳುತ್ತದೆ. ಕದ್ದವನನ್ನು ಕಾನೂನು ಶಿಕ್ಷಿಸುತ್ತದೆ. ಏಕೆಂದರೆ ಅವನಿಂದ ಇನ್ನೊಬ್ಬರಿಗೆ ನಷ್ಟವಾಗುತ್ತದೆ. ತನ್ನ ಹಣದಿಂದ ತಾನು ಕುಡಿದವನನ್ನು ಶಿಕ್ಷಿಸಬಹುದೇ? ಅದು ಅವನ ಸ್ವಂತ ವಿಷಯ, ಬುದ್ಧಿ ಹೇಳಿದರೆ ಸಾಕು, ಸೆರೆಮನೆ ಬೇಡ ಎನ್ನುವವರಿದ್ದಾರೆ. ಕಾನೂನು ಬಂದರೆ ಕಳ್ಳಭಟ್ಟಿ ಹೆಚ್ಚುತ್ತದೆ ಎಂದೂ ಅವರು ಹೇಳುತ್ತಾರೆ. ಆದರೆ ರಾಜಾಜಿಯವರ ದೃಷ್ಟಿಯಲ್ಲಿ ಕುಡಿತವು ಒಬ್ಬನ ವಿಷಯವಾಗಿರಲಿಲ್ಲ. ತಂದೆ ಕುಡಿದರೆ ಹಸಿಯುವವರು ಹೆಂಡತಿ ಮಕ್ಕಳು. ಅವರನ್ನು ಕಾಪಾಡುವುದು ಸರಕಾರದ ಕರ್ತವ್ಯವೆಂದು ಅವರು ನಂಬಿದರು.

ಈ ಕಾನೂನಿನಿಂದ ಕಷ್ಟಗಳೂ ಬಂದವು. ಮರದಿಂದ ಹೆಂಡ ಇಳಿಸುತ್ತಿದ್ದವರು ಕೆಲಸ ಕಳೆದುಕೊಂಡರು. ಸರಕಾರದ ಆದಾಯವೂ ಕುಗ್ಗಿತು. ಅದನ್ನು ತುಂಬಲು ರಾಜಾಜಿ 1939ರಲ್ಲಿ ಮಾರಾಟ ತೆರಿಗೆಯನ್ನು ತಂದರು.

ಸ್ವತಂತ್ರ ಭಾರತದಲ್ಲಿ ಅವರು ಗವರ್ನರ್ ಜನರಲ್ ಆದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದರು. 1971ರಲ್ಲಿ ತಮಿಳುನಾಡಿನಲ್ಲಿ ಪಾನನಿಷೇಧವನ್ನು ಸಡಿಲಿಸಿದಾಗ ಇಳಿವಯಸ್ಸಿನಲ್ಲಿಯೂ ಅದನ್ನು ವಿರೋಧಿಸಿದರು. 1972ರ ಡಿಸೆಂಬರ್ 25ರಂದು ನಿಧನರಾದರು.

ಕಾನೂನು ಎಲ್ಲಿಯವರೆಗೆ ಹೋಗಬೇಕು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಯಾವ ಕಾನೂನನ್ನು ಮಾಡುವಾಗಲೂ ಅದರಿಂದ ಯಾರಿಗೆ ರಕ್ಷಣೆ, ಯಾರಿಗೆ ತೊಂದರೆ ಎಂದು ಯೋಚಿಸಬೇಕು. ರಾಜಾಜಿಯವರ ಬದುಕು ನಮಗೆ ಈ ವಿಚಾರವನ್ನು ಕಲಿಸುತ್ತದೆ.